ಮೂರು ಮೂಲೆಯ ಹೊದಿಕೆ

ಮೇಸ್ತ್ರಿ: ತೂಗುಗುಂಡು ಸುಳ್ಳು ಹೇಳಲ್ಲ ಕಣೇ. ಬಟ್ಟೆಯೇ ಒಳಕ್ಕೆ ವಾಲ್ತಿದೆ.

ಹೆಂಡತಿ: ಉಣ್ಣೆ ಹೊದಿಕೆಗೆ ತೂಗುಗುಂಡು ಹಿಡಿದ ಮೊದಲ ಗಂಡಸು ನೀವೇ ಇರಬೇಕು. ಅದನ್ನ ಕೆಳಗಿಟ್ಟು ಕಂಬ ಎಣಿಸಿ ರೀ.

ಮೂವತ್ತು ವರ್ಷ ಇಟ್ಟಿಗೆ ಹಿಡಿದ ಕೈಗೆ ಕ್ರೋಶಾ ಕಡ್ಡಿ ಬಂದದ್ದಕ್ಕೆ ಕಾರಣ, ಹೆಂಡತಿಯ ಬಲಗೈಗೆ ಬಿದ್ದಿದ್ದ ಪ್ಲಾಸ್ಟರು. ತವರಿಗೆ ಬಂದಿದ್ದ ಮಗಳ ಹೆರಿಗೆಗೆ ಇನ್ನು ಮೂರೇ ವಾರ. ಮಗು ಮನೆಗೆ ಬರುವುದು ತಾನು ಹೆಣೆದ ಹೊದಿಕೆಯಲ್ಲೇ ಎಂದು ಆಕೆ ಮಗಳಿಗೆ ಮಾತು ಕೊಟ್ಟು, ಮಾರನೆಯ ದಿನವೇ ಬಚ್ಚಲಲ್ಲಿ ಜಾರಿದ್ದರು. ಸಾಲಿನ ಮೇಲೆ ಸಾಲು ಕೂರಿಸುವುದು ತಾನೆ, ಅದರಲ್ಲೇನಿದೆ ಎಂದು ಮೇಸ್ತ್ರಿ ರಣರಂಗಕ್ಕೆ ಇಳಿದರು. ಮೊದಲ ಸಾಲಿನಲ್ಲಿ ಎಣಿಸಿ ನಲವತ್ತು ಕಂಬ, ಎಂದರೆ ನೆಟ್ಟಗಿನ ಹೆಣಿಗೆ, ನಿಲ್ಲಿಸಿದ್ದರು. ಈಗ ಇಪ್ಪತ್ತೈದನೆಯ ಸಾಲು.

ಮೇಸ್ತ್ರಿ: ಹದಿನಾರು.

ಹೆಂಡತಿ: ಉಳಿದ ಇಪ್ಪತ್ನಾಲ್ಕು?

ಮೇಸ್ತ್ರಿ: ನನ್ನ ಕೇಳಿದ್ರೆ? ಜೇಬಿಗೆ ಹಾಕ್ಕೊಂಡೆನಾ?

ಹೆಂಡತಿ: ಹೊದಿಕೆ ಹೆಣೀರಿ ಅಂದ್ರೆ ಬಾವುಟ ಮಾಡಿಟ್ಟಿದ್ದೀರಿ. ಮಗುವಿನ ಒಂದು ಕಾಲು ಒಳಗೆ, ಇನ್ನೊಂದು ಬೀದೀಲಿ.

ಕೊನೆಗೆ, ತನ್ನ ಕಣ್ಣೆದುರಿಗೇ ಒಂದು ಸಾಲು ಹೆಣೆದು ತೋರಿಸಬೇಕೆಂದು ಆಕೆ ಹಟ ಹಿಡಿದರು. ಮೇಸ್ತ್ರಿ ಬಟ್ಟೆ ತಿರುಗಿಸಿದರು, ಮೇಲಕ್ಕೇರಲು ಮೂರು ಸರಪಳಿ ಕುಣಿಕೆ ಹಾಕಿದರು, ಅದರ ಬುಡದ ಕಂಬ ಬಿಟ್ಟು ಮುಂದಿನದಕ್ಕೆ ಕಡ್ಡಿ ಚುಚ್ಚಿದರು. ಹೀಗೇ ಸಾಗಿ, ಆ ತುದಿ ಮುಟ್ಟುವ ಮುನ್ನವೇ ಬಟ್ಟೆ ತಿರುಗಿಸತೊಡಗಿದರು.

ಹೆಂಡತಿ: ನಿಲ್ಲಿ. ತುದೀಲಿ ಇನ್ನೊಂದು ಉಳೀತಲ್ಲ?

ಮೇಸ್ತ್ರಿ: ಅದು ಕಂಬ ಅಲ್ಲ, ಹಿಂದಿನ ಸಾಲಿನ ಏಣಿ. ಮೇಲಿನ ಸಾಲಿಗೆ ಹತ್ತೋಕೆ ಮೂರು ಸರಪಳಿಯ ಏಣಿ ಅಂದಿದ್ದು ನೀನೇ.

ಹೆಂಡತಿ: ಆ ಏಣಿಯ ತಲೆ ಮೇಲೂ ಒಂದು ಕಂಬ ನಿಲ್ಲಿಸ್ಬೇಕು.

ಮೇಸ್ತ್ರಿ ಕಡ್ಡಿ ಕೆಳಗಿಟ್ಟರು. ಅವರ ಇಡೀ ವೃತ್ತಿಧರ್ಮ ಎದ್ದು ನಿಂತಿತ್ತು.

ಮೇಸ್ತ್ರಿ: ಏಣಿ ಮೇಲೆ ಕಂಬಾನಾ? ಹತ್ತಿ ಆದ್ಮೇಲೆ ಏಣಿ ತೆಗೆದು ಪಕ್ಕಕ್ಕಿಡೋದು ಕಣೇ. ಅದನ್ನೂ ಸೇರಿಸಿ ಗೋಡೆ ಕಟ್ಟಿದ್ರೆ, ಮನೆಯವನು ನನ್ನನ್ನೂ ಸೇರಿಸಿ ಗಾರೆ ಬಳೀತಾನೆ.

ಹೆಂಡತಿ: ಬುಡದ ಕಂಬ ಬಿಡಿ ಅಂದಿದ್ದು ಯಾಕೆ? ಅದರ ಜಾಗದಲ್ಲಿ ಏಣಿಯೇ ಕಂಬವಾಗಿ ನಿಂತಿರುತ್ತೆ ಅಂತ. ನೀವು ಈ ತುದೀಲಿ ಕಂಬ ಬಿಟ್ರಿ, ಆ ತುದೀಲಿ ಏಣಿ ಬಿಟ್ರಿ. ಸಾಲಿಗೊಂದು ಮಾಯ. ಮೂವತ್ತು ವರ್ಷದಿಂದ ಹೆಣೀತಿದ್ದೀನಿ, ಒಂದು ದಿನ ಒಂದು ಕಂಬ ಬಿಟ್ಟವಳಲ್ಲ.

ಮೇಸ್ತ್ರಿ ಕತ್ತಿಗೆ ಕಟ್ಟಿದ್ದ ಉಣ್ಣೆಬಟ್ಟೆಯ ಚೂಪು ತುದಿ ಹಿಡಿದು ಹಣೆ ಒರೆಸಿಕೊಂಡರು. ಮದುವೆಯಾದ ವರ್ಷ ಆಕೆಯೇ ಹೆಣೆದು ಕೊಟ್ಟದ್ದು ಅದು. ಇಟ್ಟಿಗೆ ಕೆಲಸದವರಿಗೆಂದೇ ಇರುವ ಆಕಾರ, ಗಂಟು ಕತ್ತಿಗೆ, ತುದಿ ಎದೆಗೆ ಎಂದಿದ್ದರು. ಮೇಸ್ತ್ರಿ ಅದನ್ನು ಅಂದಿನಿಂದ ಎಲ್ಲ ಕೂಲಿಯಾಳುಗಳ ಮುಂದೆ ಹೊಗಳಿಕೊಂಡು ಬಂದಿದ್ದರು.

ಒರೆಸುತ್ತಿದ್ದ ಕೈ ನಿಂತಿತು. ಗಂಟು ಬಿಚ್ಚಿ, ಬಟ್ಟೆಯನ್ನು ಹೊದಿಕೆಯ ಮೇಲೆ ಹರಡಿದರು. ಅಂಚಿಗೆ ಅಂಚು ಕೂತಿತು. ಹೆಬ್ಬೆರಳಿನಿಂದ ಬಟ್ಟೆಯ ಒಂದೊಂದು ಸಾಲಿನ ಕಂಬವನ್ನೂ ಎಣಿಸಿದರು: ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು.

ಮೇಸ್ತ್ರಿ: ನಿಜ ಹೇಳು. ಇದು ಮೊದಲು ಏನಾಗ್ಬೇಕಿತ್ತು?

ಹೆಂಡತಿ ಪ್ಲಾಸ್ಟರಿನ ಮೇಲೆ ಇಲ್ಲದ ಧೂಳನ್ನು ಬಹಳ ಹೊತ್ತು ಕೊಡವಿದರು.

ಹೆಂಡತಿ: ಶಾಲು.

ಒಳಕೋಣೆಯಿಂದ ಮಗಳು, ತನ್ನನ್ನು ಹೀಗೆ ನಗಿಸಿದರೆ ಹೆರಿಗೆ ಇವತ್ತೇ ಆದೀತು ಎಂದು ಕೂಗಿದಳು. ಮೇಸ್ತ್ರಿ ಬಟ್ಟೆಯನ್ನು ಮತ್ತೆ ಕತ್ತಿಗೆ ಕಟ್ಟಿಕೊಂಡು, ಹೊದಿಕೆಯ ಇಪ್ಪತ್ತೈದು ಚಿಲ್ಲರೆ ಸಾಲನ್ನೂ ಸರಸರನೆ ಬಿಚ್ಚಿ, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದರು. ಈ ಸಲ ಏಣಿಯ ತಲೆಯ ಮೇಲೂ ಕಂಬ ನಿಂತಿತು. ಎರಡನೆಯ ಸಾಲಿನಲ್ಲಿ ನಲವತ್ತು. ಮೂರನೆಯದರಲ್ಲೂ ನಲವತ್ತು.

ಹೆಂಡತಿ: ಆ ಕತ್ತಿನದನ್ನೂ ಕೊಡಿ, ಬಿಚ್ಚಿಬಿಡೋಣ. ಉಣ್ಣೆ ಸಾಲದೆ ಬಂದೀತು.

ಮೇಸ್ತ್ರಿ (ಗಂಟನ್ನು ಇನ್ನಷ್ಟು ಬಿಗಿದು): ಮೂವತ್ತು ವರ್ಷಕ್ಕೆ ನಿನ್ನ ಮೇಲೊಂದು ಸಾಕ್ಷಿ ಸಿಕ್ಕಿದೆ. ಬಿಚ್ಚೋಕೆ ಬಿಡ್ತೀನಾ?