ಕಾಕಾನ ಪಕ್ಕದ ಎಡೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಣ್ಣಿಗೇರಿ ಬಸ್ ನಿಲ್ದಾಣದಲ್ಲಿ ಯಾರಾದರೂ ದಾರಿ ಕೇಳಿದರೆ, ಆ ಓಣಿಯ ಹೆಸರನ್ನು ನಾನು ಹುಟ್ಟಿದಾಗಿನಿಂದ ಕೇಳಿರದಿದ್ದರೂ ಕೈ ತಾನಾಗಿ ಒಂದು ದಿಕ್ಕಿಗೆ ಚಾಚಿಕೊಳ್ಳುತ್ತದೆ. ಹೀಗೆ ನಾನು ಕಳಿಸಿದ ಎಷ್ಟು ಜನ ಇನ್ನೂ ಊರ ಹೊರಗಿನ ಕಡಲೆ ಹೊಲಗಳಲ್ಲಿ ಅಲೆಯುತ್ತಿದ್ದಾರೋ ದೇವರೇ ಬಲ್ಲ. "ನಿಮ್ಮ ಬಾಯಿಗೊಂದು ಕೀಲಿ ಹಾಕ್ರಿ" ಎಂದು ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಹಾಕಿದ್ದರೆ ನಮ್ಮ ಕಾಕಾ ಸತ್ತ ಮೇಲಾದರೂ ತನ್ನ ಪಾಡಿಗೆ ತಾನಿರುತ್ತಿದ್ದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ ಶಿವಲಿಂಗಪ್ಪ. ಮಿಲ್ಟ್ರಿಯಲ್ಲಿದ್ದು ಬಾಕ್ಸಿಂಗ್ ಚಾಂಪಿಯನ್ ಆದವನು. ರಜೆಗೆ ಬಂದಾಗ ಅವನ ಮುಷ್ಟಿ ನೋಡಲು ಓಣಿಯೇ ಸೇರುತ್ತಿತ್ತು. ಆ ಮುಷ್ಟಿಯೋ ಅವನ ಹೆಂಡತಿ, ನಮ್ಮ ಚಿಗವ್ವನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿತ್ತು. ಅವನು ಕಾಮಾಲೆಯಾಗಿ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಮುಂದೆ ಎಷ್ಟೋ ವರ್ಷದ ಮೇಲೆ ಅವನ ಕತೆ ಮಾಡುತ್ತೇವೆಂದು ಬೆಂಗಳೂರಿನಿಂದ ಸಿನಿಮಾದವರು ಬಂದರು. "ಸರ್, ಅವರು ಹೇಗೆ ನಡೀತಿದ್ರು, ಹೇಗೆ ಮಾತಾಡ್ತಿದ್ರು?" ಎಂದು ಹೀರೋ ನನ್ನನ್ನೇ ಕೇಳಿದ. ನನಗೆ ನೆನಪಿದ್ದದ್ದು ಆ ಕೈ ಮತ್ತು ಮೆಣಸಿನಕಾಯಿ ಎರಡೇ. ಆದರೆ ಬಾಯಿ ಸುಮ್ಮನಿರಬೇಕಲ್ಲ! ಎಡಹೆಗಲು ಚೂರು ಇಳಿಬಿಟ್ಟು ನಡೆಯುತ್ತಿದ್ದ, ಮಾತಿಗೆ ಮುಂಚೆ ಎಡಗಿವಿ ಉಜ್ಜಿಕೊಳ್ಳುತ್ತಿದ್ದ, ಬಾಗಿಲಿಗೆ ಬಂದಾಗ ಎರಡು ಸಲ ಕೆಮ್ಮುತ್ತಿದ್ದ ಎಂದೆಲ್ಲ ಮಾಡಿ ತೋರಿಸಿದೆ. ಪಾಪ, ಆ ಹುಡುಗ ಒಂದೂ ಬಿಡದೆ ಬರೆದುಕೊಂಡ.

ಸಿನಿಮಾ ಬಂತು. ಟೆಂಪೊ ಮಾಡಿಕೊಂಡು ಹುಬ್ಬಳ್ಳಿಗೆ ಹೋಗಿ ನೋಡಿದೆವು. ಮನೆಯಲ್ಲಿ ಹೊರಸಿನ ಮೇಲೆ ಮಲಗಿದ್ದಲ್ಲೇ ಹೋದ ಜೀವ ಅಲ್ಲಿ ಪಿಟೀಲಿನ ನಡುವೆ ಬಾಕ್ಸಿಂಗ್ ಕಣದಲ್ಲೇ ಹೋಯಿತು. ಎಲ್ಲರೂ ಅತ್ತರು, ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ. ಚಿಗವ್ವ ಮಾತ್ರ ಅಳಲಿಲ್ಲ. ಟೆಂಪೊದಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಈರಪ್ಪಾ, ಕಣ್ಣ ಮುಚ್ಚಿದರ ಅವರ ಮಾರಿ ಬರವಲ್ದಲೇ. ಆ ಪಿಚ್ಚರಿನ ಹುಡುಗನ ಬರಾಕತ್ತಾನ. ಇಷ್ಟ ವರ್ಷ ಅದೊಂದ ಇಟಗೊಂಡ ಕುಂತಿದ್ನಿ ನೋಡು." ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಮುಖ ಎಂದೋ ಬೆಳ್ಳಗೆ ಅಳಿಸಿಹೋಗಿತ್ತು.

ಮರುವಾರ ಅವಳ ಮನೆಗೆ ಹೋದೆ. ಬಾಗಿಲಲ್ಲಿ ಕೆಮ್ಮು ಬಂತು, ಎರಡು ಸಲ ಕೆಮ್ಮಿದೆ. ಒಳಗೆ ಚಿಗವ್ವ ಗಡಬಡಿಸಿ ಎದ್ದು ಸೆರಗು ಹೊದ್ದು, "ಬಂದ್ರ್ಯಾ? ಕೈಕಾಲ ತೊಳಕೊಳ್ರಿ, ಬಡಸ್ತೀನಿ" ಎಂದಳು. ನನ್ನನ್ನು ಎತ್ತಿ ಆಡಿಸಿದವಳು ಗಂಡನಿಗೆ ಹಚ್ಚುವ ಬಹುವಚನವನ್ನು ನನಗೆ ಹಚ್ಚಿದ್ದಳು!

ಇದಕ್ಕೆ ಮದ್ದು ಹುಡುಕುತ್ತ ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ ಹೋದೆ. ಕಾಕಾನ ಜೊತೆಗಿದ್ದ ಮಾಜಿ ಸೈನಿಕರೊಬ್ಬರ ಬಳಿ ಅವನು ಚಾಂಪಿಯನ್ ಆದ ಪಂದ್ಯವನ್ನು ಮಿಲ್ಟ್ರಿಯವರೇ ತೆಗೆದಿದ್ದ ಓಡುವ ಚಿತ್ರವಿತ್ತು. ಅದನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟರು. ತಂದು ಚಿಗವ್ವನಿಗೆ ತೋರಿಸಿದೆ. ಮೂರು ನಿಮಿಷ, ಬಣ್ಣವಿಲ್ಲ, ಸದ್ದಿಲ್ಲ. ಕಾಕಾ ಗೆದ್ದು ಕುಣಿಯಲಿಲ್ಲ. ಬಿದ್ದವನನ್ನು ಎಬ್ಬಿಸಿ, ತೋಳಿನಿಂದ ತನ್ನ ಮುಖ ಒರೆಸಿಕೊಂಡ, ಅಷ್ಟೇ. ಚಿಗವ್ವ ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟಳು, ಚಿತ್ರ ಅಲ್ಲೇ ನಿಂತಿತು. "ಇವರ... ಇವರ ನೋಡು ನಮ್ಮವರು" ಎಂದು ಆಗ ಅತ್ತಳು. ನಾನೂ ಅತ್ತೆ, ಪಿಟೀಲಿಲ್ಲದೆ ಬಂದ ಅಳು ಅದು. ಎರಡನೇ ಸಲ ನೋಡುವಾಗ ಅವಳು ಕೇಳಿದಳು: "ಹೆಗಲ ನೆಟ್ಟಗ ಅದಾವ. ಕಿವಿ ಮುಟ್ಟಕೊಳ್ಳಾಂಗಿಲ್ಲ. ಹಂಗಾರ ಪಿಚ್ಚರಿನ್ಯಾಗ ಸತ್ತಾವ ಯಾರಲೇ?"

ಉತ್ತರ ಹುಡುಕುತ್ತ ನಾನು ಎಡಗಿವಿ ಉಜ್ಜಿಕೊಳ್ಳುತ್ತಿದ್ದೆ. ಅವಳು ನನ್ನ ಕೈಯನ್ನೇ ನೋಡಿದಳು. ಆಮೇಲೆ ಇಳಿಬಿದ್ದ ನನ್ನ ಎಡಹೆಗಲನ್ನು.

ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಬಂತು. ಚಿಗವ್ವ ಈ ಸಲ ಎರಡು ಎಡೆ ಹಾಕಿದ್ದಳು. ಒಂದರಲ್ಲಿ ಕಾಕಾ ಉಣ್ಣುತ್ತಿದ್ದಂತೆ ಹೋಳಿಗೆ, ಹಾಲು. ಇನ್ನೊಂದು ಯಾರಿಗೆಂದು ಕೇಳಿದೆ. "ಪಿಚ್ಚರಿನಾವಗ. ಅವನೂ ಸತ್ತಾನಲ್ಲೋ, ಅವಗ ಎಡಿ ಇಡಾವರು ಯಾರದಾರ?" ಎಂದಳು. ಬಗ್ಗಿ ನೋಡಿದೆ: ಹೋಳಿಗೆ, ಅದರ ಮೇಲೆ ಕೆಂಪು ಚಟ್ನಿ. ಹೋಳಿಗೆಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿಂದು ಹೆಂಡತಿಯಿಂದ ಬೈಸಿಕೊಳ್ಳುವವನು ನಮ್ಮ ಮನೆತನದಲ್ಲಿ ಒಬ್ಬನೇ ಇದ್ದಾನೆ.

ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಬಂದು ಬಾಗಿಲು ಮುಚ್ಚುವುದು, ತುಸು ಹೊತ್ತಾದ ಮೇಲೆ ಮನೆಯ ಹಿರೇ ಗಂಡಸು ಕೆಮ್ಮಿ ಬಾಗಿಲು ತೆಗೆಯುವುದು ನಮ್ಮಲ್ಲಿ ಪದ್ಧತಿ. ಆ ಹಿರೇತನ ಈಗ ನನ್ನದು. ಬಾಗಿಲ ಮುಂದೆ ನಿಂತೆ. ಕೆಮ್ಮು ಹೊರಡಲೇ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಎರಡು ಸಲ ಕೆಮ್ಮಿದ್ದು ಕೇಳಿಸಿತು. "ಕೆಮ್ಮಿದ್ರಲ್ಲ, ಬಾಗಲಾ ತಗೀರಿ ಇನ್ನ" ಎಂದು ಹಿಂದಿನಿಂದ ಹೆಂಡತಿ ಅವಸರಿಸಿದಳು.

ತೆಗೆದೆ. ಒಳಗೆ ಯಾರೂ ಇರಲಿಲ್ಲ. ಎರಡೂ ಎಡೆ ಇಟ್ಟಂತೆಯೇ ಇದ್ದವು.

ಊಟಕ್ಕೆ ಕೂತಾಗ, ಆರು ಹೋಳಿಗೆಗೂ ಜಗ್ಗದ ನಾನು ಒಂದನ್ನೂ ಮುಟ್ಟಲಾರದೆ ಹೋದೆ. ಹೊಟ್ಟೆ ಬಿರಿಯುವಂತೆ ತುಂಬಿತ್ತು. ನಾಲಿಗೆಯ ಮೇಲೆ ಕೆಂಪು ಚಟ್ನಿಯ ಖಾರ ಇನ್ನೂ ಉರಿಯುತ್ತಿತ್ತು. "ಮುಂಜಾನಿಂದ ಒಂದು ತುತ್ತು ತಿಂದಿಲ್ಲ, ಹೊಟ್ಟಿ ಹೆಂಗ ತುಂಬಿತ್ರಿ?" ಎಂದಳು ಹೆಂಡತಿ.

ಜನ್ಮದಲ್ಲಿ ಮೊದಲ ಸಲ ನಾನು "ಗೊತ್ತಿಲ್ಲ" ಎಂದೆ.