ಬನಹಟ್ಟಿಯಲ್ಲಿ ಫೋನಿನ ಬಾಯಿ ಮುಚ್ಚಿಸಿದ್ದು

ಮಾತು ಕಡಿಮೆ ಇರುವ ಮನುಷ್ಯ ಎಂದು ನಮ್ಮ ಬಂಧುಬಳಗದಲ್ಲಿ ನನಗೊಂದು ಹೆಸರಿತ್ತು. 'ಇತ್ತು' ಎಂದು ಬರೆಯುವಾಗ ಸ್ವಲ್ಪ ಸಂಕಟವಾಗುತ್ತದೆ. ಜಮಖಂಡಿಯ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿ ಕೂತು, ಪ್ರಾಚಾರ್ಯರು ಬೈದರೂ ಹುಡುಗರ ತಂದೆಯರು ಬೈದರೂ ಒಂದೇ ಮುಖ ಇಟ್ಟುಕೊಂಡು ಕೇಳಿ ಗಳಿಸಿದ ಹೆಸರು ಅದು. ನಿವೃತ್ತಿಯ ದಿನ ಸಹೋದ್ಯೋಗಿಗಳೆಲ್ಲ ಸೇರಿ ಶಾಲು ಹೊದಿಸಿ, ನನ್ನ ಮೌನವನ್ನು ಹೊಗಳಿ, ಕೈಗೊಂದು ಹೊಸ ಮೊಬೈಲು ಕೊಟ್ಟರು. ಅಂದಿನಿಂದ ನಾನು ಇಷ್ಟು ವರ್ಷ ಆಡದೆ ಉಳಿಸಿದ ಮಾತನ್ನೆಲ್ಲ ಅದು ಆಡುತ್ತಿದೆ.

ರಿಂಗ್ ಆಗುವುದನ್ನು ನಾನು ಮಾತು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರೋ ಕರೆದರು, ಅದು ಓಗೊಟ್ಟಿತು, ಅಷ್ಟೇ. ನನ್ನ ತಕರಾರು ಇರುವುದು ಯಾರೂ ಕರೆಯದಿದ್ದಾಗ ಅದು ಮಾಡುವ ಸದ್ದಿನ ಮೇಲೆ. ತೆರೆದರೆ ಬಾವಿಗೆ ಹರಳು ಬಿದ್ದಂತೆ 'ಟುಳುಂ', ಮುಚ್ಚಿದರೆ 'ಟಪ್'. ಚಾರ್ಜಿಗೆ ಹಚ್ಚಿದರೆ 'ಟುಂಯ್'. ಬರೆಯಲು ಕೂತರೆ ಒಂದೊಂದು ಅಕ್ಷರಕ್ಕೂ 'ಟಕ್', ಬರೆದದ್ದನ್ನು ಕಳಿಸಿದರೆ 'ಸುಂಯ್'. ಒತ್ತಕ್ಷರಕ್ಕೆ ಬರಗಾಲವಿಲ್ಲದ ನಮ್ಮ ಭಾಷೆಯಲ್ಲಿ 'ಸ್ವಾತಂತ್ರ್ಯೋತ್ಸವದ ಶುಭಾಶಯಗಳು' ಎಂದು ಬರೆದು ಮುಗಿಸುವಷ್ಟರಲ್ಲಿ ಓಣಿಯಲ್ಲಿ ಯಾರೋ ಹಲಗೆ ಬಾರಿಸಿಕೊಂಡು ಹೋದಂತಾಗುತ್ತದೆ. ಒಮ್ಮೆ ಮುಧೋಳದಲ್ಲಿ ನನ್ನ ಗೆಳೆಯನ ಮನೆಯಲ್ಲಿ ಕೂತಿದ್ದೆ. ಅವನು ಸಾಕಿದ ಬೇಟೆನಾಯಿ, ಆ ಊರಿನ ತಳಿಯದೇ, ನಮ್ಮ ಎದುರು ಕಾಲು ಚಾಚಿ ಮಲಗಿತ್ತು. ನನ್ನ ಫೋನು ಟಪ್ ಅಂದಾಗಲೆಲ್ಲ ಅದು ಉದ್ದ ಕತ್ತು ಎತ್ತಿ ನನ್ನ ಮುಖ ನೋಡಿ ಮತ್ತೆ ಮಲಗುತ್ತಿತ್ತು. ಇಡೀ ಮಧ್ಯಾಹ್ನ ಒಂದು ಸಲವೂ ಬೊಗಳಲಿಲ್ಲ. ಆ ಮನೆಯಲ್ಲಿ ಅನಗತ್ಯ ಸದ್ದು ಮಾಡಿದವರು ನಾನೂ ನನ್ನ ಫೋನೂ ಮಾತ್ರ.

ಈಗ ನನ್ನ ಹೆಂಡತಿ ಕಸ್ತೂರಿಯ ವಿಷಯಕ್ಕೆ ಬರಬೇಕು. ಅವಳು ರಬಕವಿಯ ನೇಕಾರರ ಮನೆಯ ಮಗಳು. ನಮ್ಮದೂ ನೇಕಾರರ ಮನೆತನವೇ, ಆದರೆ ನಮ್ಮ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಜಮಖಂಡಿಗೆ ಬಂದು ಪೆನ್ನು ಹಿಡಿದವರು ನಾವು. ಅವಳು ಹುಟ್ಟಿ ಬೆಳೆದದ್ದು ಪಾವರ್‌ಲೂಮಿನ ಖಟಪಟದಲ್ಲಿ. ಅಲ್ಲಿ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಮಗ್ಗದ ಮನೆಯವರು ಗಂಟಲು ಹರಿದುಕೊಳ್ಳುವುದನ್ನು ಬಿಟ್ಟು ತುಟಿ, ಹುಬ್ಬು, ಬೆರಳುಗಳಿಂದ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಹೆಬ್ಬೆರಳು ಬಾಯಿಗೆ ತಂದರೆ ಚಹಾ. ಮೀಸೆ ತೀಡಿದರೆ ಮಾಲಕರು ಬಂದರು ಎಂದು. ತೋರುಬೆರಳು ಹೆಬ್ಬೆರಳು ಕೂಡಿಸಿ ಎಳೆ ಹೊಸೆದಂತೆ ತಿರುವಿದರೆ, ಹರಿದಿದ್ದ ಎಳೆ ಕೂಡಿತು, ಇನ್ನು ಮಗ್ಗ ಚಾಲೂ ಮಾಡಬಹುದು ಎಂದು. ಇದಕ್ಕೆ ಅವರು ಕೈಮಾತು ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಮಾವನ ಮನೆಗೆ ಹೋದಾಗ ಕಸ್ತೂರಿ ಮತ್ತು ಅವಳ ಅಕ್ಕತಂಗಿಯರು ನನ್ನ ಸುತ್ತ ಕೂತು ಸದ್ದಿಲ್ಲದೆ ತುಟಿ ಅಲ್ಲಾಡಿಸಿ, ಬೆರಳು ಕುಣಿಸಿ, ಆಮೇಲೆ ಒಟ್ಟಿಗೇ ನಗುತ್ತಿದ್ದರು. ಇವರು ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಗುಮಾನಿ. ಈಚೆಗೆ ಕೇಳಿದೆ, ಹೌದಂತೆ. ರಜೆಗೆಲ್ಲ ಅಜ್ಜಿಯ ಮನೆಗೆ ಹೋಗುತ್ತಿದ್ದ ನಮ್ಮ ಮಗಳು ಶ್ವೇತಾಳಿಗೂ ಈ ವಿದ್ಯೆ ಬಂತು. ಮನೆಯಲ್ಲಿ ಬಾರದವನು ನಾನೊಬ್ಬನೇ.

ಶ್ವೇತಾ ಬೀಳಗಿಯಲ್ಲಿ ದನದ ಡಾಕ್ಟರ್. ಜಮಖಂಡಿಯಲ್ಲಿ ಓದುವಾಗ ಅವಳ ಜೊತೆಗಿದ್ದ ಬನಹಟ್ಟಿಯ ಸಂತೋಷ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಈ ವರ್ಷ ಹೇಳಿದಳು. ಹುಡುಗ ಒಳ್ಳೆಯವನು. ತಂದೆಯ ಜೊತೆ ಸೀರೆ ಮಗ್ಗ ನಡೆಸುತ್ತಾನೆ, ಕಂಪ್ಯೂಟರಿನಲ್ಲಿ ಸೆರಗಿನ ಡಿಸೈನ್ ಮಾಡುತ್ತಾನೆ. ನಮ್ಮದೇನೂ ತಕರಾರಿರಲಿಲ್ಲ. ಉಳಿದದ್ದು ಒಂದೇ ತೊಡಕು. ಶ್ವೇತಾಳಿಗೆ ಬೀಳಗಿಯ ಕೆಲಸ ಬಿಡುವ ಮನಸ್ಸಿಲ್ಲ. ಬನಹಟ್ಟಿಯಿಂದ ದಿನಾ ಹೋಗಿಬರುವಷ್ಟು ಹತ್ತಿರವೂ ಅಲ್ಲ. ಮದುವೆಯಾದ ಮೇಲೂ ವಾರವೆಲ್ಲ ಬೀಳಗಿಯಲ್ಲೇ ಇದ್ದು ಶನಿವಾರ ಗಂಡನ ಮನೆಗೆ ಬರುತ್ತೇನೆ, ಅದಕ್ಕೆ ಅವರ ಮನೆಯವರು ಒಪ್ಪಬೇಕು ಎಂಬುದು ಅವಳ ಮಾತು. ಹುಡುಗ ಒಪ್ಪಿದ್ದ. ಅವನ ತಾಯಿತಂದೆಯರನ್ನು ಕೇಳುವ ಜವಾಬ್ದಾರಿ ನನ್ನ ತಲೆಗೆ ಬಂತು.

"ಅಪ್ಪಾ, ನೀ ಮಾತು ಕಡಿಮಿ ಆಡ್ತಿ, ಅದಕ್ಕ ನಿನಗ ಹೇಳಾಕತ್ತೇನಿ. ಅವರು ಒಲ್ಲೆ ಅಂದ್ರ ನಾ ಕೆಲಸಾ ಬಿಡಂಗಿಲ್ಲ. ಲಗ್ನಾನ ಬಿಡಬೇಕಾಕ್ಕೈತಿ" ಎಂದಳು. ಹೇಳುವಾಗ ಧ್ವನಿ ಗಟ್ಟಿಯಾಗೇ ಇತ್ತು, ಆದರೆ ಕಣ್ಣು ಬೇರೆ ಕಡೆ ಇತ್ತು.

ಇಂಥ ಮಾತನ್ನು ಹೊತ್ತು ನೋಡಿ ತೆಗೆಯಬೇಕು. ಮಂದಿಯ ಮುಖ ಓದುವುದರಲ್ಲಿ ಕಸ್ತೂರಿ ನನಗಿಂತ ಎಷ್ಟೋ ಮುಂದೆ. ಆದ್ದರಿಂದ ನಾನೊಂದು ಉಪಾಯ ಮಾಡಿದೆ. ಅವಳು ಅವರ ಮುಖ ನೋಡಿ ತೂಗಬೇಕು, ನಾನು ಮೆಸೇಜಿನಲ್ಲಿ "ಕೇಳಲ್ಯಾ?" ಎಂದು ಕೇಳಬೇಕು, ಅವಳು "ಕೇಳ್ರಿ" ಎಂದು ಬರೆದ ಮೇಲೆ ನಾನು ಬಾಯಿ ತೆರೆಯಬೇಕು.

"ಎದುರಿಗೇ ಕುಂತಿರತೇನಲ್ರೀ, ಕಣ್ಣಿಲೆ ಹೇಳಿದ್ರ ಸಾಲದೇನು?" ಎಂದಳು ಕಸ್ತೂರಿ.

"ನಿನ್ನ ಕಣ್ಣು ನನಗ ಇವತ್ತಿಗೂ ತಿಳಿದಿಲ್ಲ. ಬರದ್ರ ಛಲೋ" ಎಂದೆ. ಹೊರಡುವ ಮುನ್ನ ಫೋನಿನ ರಿಂಗ್ ಬಂದ್ ಮಾಡಿ, ಇನ್ನು ಇದರ ಕಾಟವಿಲ್ಲ ಎಂದು ನಿಶ್ಚಿಂತನಾದೆ.

ಬನಹಟ್ಟಿಯಲ್ಲಿ ಅವರ ಮನೆಯ ಪಡಸಾಲೆಗೂ ಮಗ್ಗದ ಮನೆಗೂ ನಡುವೆ ಒಂದೇ ಗೋಡೆ. ಹುಡುಗನ ತಂದೆ ಗುರುಪಾದಪ್ಪನವರು ನಮ್ಮನ್ನು ಕೂಡಿಸಿ ಕ್ಷೇಮಸಮಾಚಾರ ಕೇಳಿದರು. ಕೇಳಿದರು ಎಂದು ಅಂದಾಜು, ಏಕೆಂದರೆ ಗೋಡೆಯಾಚೆ ಮಗ್ಗಗಳು ಭರ್ಜರಿ ನಡೆದಿದ್ದವು. ಅವರು ಚಿಮ್ಮಡದ ಹೊಲದ ಬಗ್ಗೆ ಏನೋ ಕೂಗಿದರು, ನಾನು ನಿವೃತ್ತಿಯ ಬಗ್ಗೆ ಏನೋ ಕೂಗಿದೆ, ಇಬ್ಬರೂ ತಲೆಯಾಡಿಸಿದೆವು. ಸಂತೋಷ ಚಹಾ ತಂದುಕೊಟ್ಟು ನಾಚಿಕೊಂಡು ಒಳಗೆ ಮಗ್ಗದ ಕಡೆ ಹೋಗಿಬಿಟ್ಟ. ಅವನ ತಾಯಿ ನೀಲಮ್ಮನವರು ಕಸ್ತೂರಿಯ ಎದುರಿಗೆ, ಕೋಣೆಯ ಆ ತುದಿಗೆ ಕೂತರು. ನಾನು ತೊಡೆಯ ಮರೆಯಲ್ಲಿ ಫೋನು ಹಿಡಿದು "ಕೇಳಲ್ಯಾ?" ಎಂದು ಬರೆದು ಕಳಿಸಿದೆ. ಉತ್ತರವಿಲ್ಲ. ಮತ್ತೊಮ್ಮೆ ಕಳಿಸಿದೆ. ಉತ್ತರವಿಲ್ಲ. ಕಸ್ತೂರಿಯ ಫೋನು ಅವಳ ಕೈಚೀಲದಲ್ಲೇ ಇತ್ತು. ಅವಳು ಸೆರಗಿನ ತುದಿ ಹಿಡಿದು ಬೆರಳಾಡಿಸುತ್ತ, ತುಟಿಯಲ್ಲೇ ಏನೋ ಗುಣಗುಣಿಸುತ್ತ ಕೂತಿದ್ದಳು. ಪಾಪ, ಮಗಳ ಚಿಂತೆಯಲ್ಲಿ ದೇವರ ನಾಮ ಹೇಳುತ್ತಿದ್ದಾಳೆ ಎಂದುಕೊಂಡೆ. ಎದುರಿಗೆ ನೀಲಮ್ಮನವರೂ ಹಣೆಯ ಬೆವರು ಒರೆಸುತ್ತ, ಬಳೆ ಸರಿಸುತ್ತ ಇದ್ದರು. ಅವರಿಗೂ ಸೆಕೆಯಾಗಿರಬೇಕು ಎಂದುಕೊಂಡೆ. ಮನುಷ್ಯ ಎಷ್ಟು ಕುರುಡಾಗಿರಬಹುದು ಎಂಬುದಕ್ಕೆ ನಾನು ಹೊರಗೆ ಉದಾಹರಣೆ ಹುಡುಕಬೇಕಾಗಿಲ್ಲ.

ಮೂರನೆಯ ಸಲ, ಸ್ವಲ್ಪ ಸಿಟ್ಟಿನಿಂದ, ಉದ್ದವಾಗಿಯೇ ಬರೆಯತೊಡಗಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಮಗ್ಗದ ಊರಿನಲ್ಲಿ ಕರೆಂಟ್ ಹೋದರೆ ಎಂಥ ಮೌನ ಬೀಳುತ್ತದೆ ಎಂಬುದು ಅಲ್ಲಿ ಕೂತವರಿಗೇ ಗೊತ್ತು. ಒಂದು ಮನೆಯದಲ್ಲ, ಇಡೀ ಓಣಿಯ ಸದ್ದು ಒಮ್ಮೆಲೇ ನಿಲ್ಲುತ್ತದೆ. ಆ ಮೌನದ ನಟ್ಟನಡುವೆ ನನ್ನ ತೊಡೆಯ ಮರೆಯಿಂದ ಟಕ್, ಟಕ್, ಟಕ್. ಗುರುಪಾದಪ್ಪನವರು ಹಲ್ಲಿಯೇನೋ ಎಂದು ಗೋಡೆ ನೋಡಿದರು. ಗಾಬರಿಯಲ್ಲಿ ನನ್ನ ಬೆರಳು ಕಳಿಸುವ ಗುಂಡಿ ಒತ್ತಿತು. ಸುಂಯ್. ಮರುಕ್ಷಣ ಕಸ್ತೂರಿಯ ಕೈಚೀಲದಿಂದ ದೇವಸ್ಥಾನದ ಗಂಟೆಯಂತೆ 'ಟಿಂಗ್'. ಮಗ್ಗದ ಮನೆಯ ಮಗಳಲ್ಲವೇ, ಅವಳ ಫೋನಿನ ಸದ್ದು ಯಾವಾಗಲೂ ತುದಿಗೇ ಇರುತ್ತದೆ. ಎಲ್ಲರೂ ಚೀಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಈ ಸಂಕಟದಲ್ಲಿ ನನ್ನ ಬುದ್ಧಿಗೆ ಹೊಳೆದದ್ದೇನು ಎಂದರೆ, ಅವಳ ಫೋನಿನ ಸದ್ದು ಆರಿಸಲು ಹೇಳಬೇಕು ಎಂದು. ಅದನ್ನು ಮೆಸೇಜಿನಲ್ಲೇ ಬರೆದೆ. ಟಕ್ ಟಕ್ ಟಕ್, ಸುಂಯ್, ಟಿಂಗ್.

ನೀಲಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಸಂಬಂಧ ಇಲ್ಲಿಗೆ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು. ಶ್ವೇತಾಳ ಮುಖ ಕಣ್ಣ ಮುಂದೆ ಬಂತು. ಆಗ ಗುರುಪಾದಪ್ಪನವರು ತಮ್ಮ ಅಂಗಿಯ ಜೇಬಿನಿಂದ ಫೋನು ತೆಗೆದು ನನ್ನ ಪಕ್ಕಕ್ಕೆ ಸರಿದು ಕೂತರು.

"ನಂದೂ ಹಿಂಗ ಐತ್ರಿ" ಎಂದರು, ಊರಿಗೆಲ್ಲ ಬಂದ ಕಾಯಿಲೆಯ ಬಗ್ಗೆ ಮಾತಾಡುವ ದನಿಯಲ್ಲಿ. "ಕರೆಂಟ್ ಇದ್ದಾಗ ಏನೂ ಗೊತ್ತಾಗೂದಿಲ್ಲ. ಹೋತಂದ್ರ ಮರ್ಯಾದಿ ತಗೀತೈತಿ. ಬರ್ರಿ, ಇವತ್ತ ಎರಡೂ ಕೂಡಿ ನೋಡೇ ಬಿಡೂಣು."

ಆ ಮನುಷ್ಯನ ಮೇಲೆ ನನಗೆ ಆ ಗಳಿಗೆಯಲ್ಲಿ ಹುಟ್ಟಿದ ಅಭಿಮಾನ ಇನ್ನೂ ಇಳಿದಿಲ್ಲ. ಇಬ್ಬರೂ ಕನ್ನಡಕ ಏರಿಸಿ ಕೂತೆವು. ಸೆಟ್ಟಿಂಗ್ಸ್ ಒಳಗೆ ಸೌಂಡ್, ಸೌಂಡಿನ ಕೆಳಗೆ ಎಲ್ಲೋ ತಳದಲ್ಲಿ ಸಿಸ್ಟಮ್ ಸೌಂಡ್. ಸ್ಕ್ರೀನ್ ಲಾಕಿಗೊಂದು ಗುಂಡಿ, ಚಾರ್ಜಿಂಗಿಗೊಂದು, ಮುಟ್ಟಿದರೆ ಬರುವ ಸದ್ದಿಗೊಂದು. ಒಂದೊಂದನ್ನು ಆರಿಸುವಾಗಲೂ ಅದು ಟಕ್ ಎಂದು ಒಮ್ಮೆ ಪ್ರತಿಭಟಿಸಿಯೇ ಆರುತ್ತಿತ್ತು. ಎಲ್ಲ ಆರಿಸಿದ ಮೇಲೂ ಬರೆಯುವಾಗಿನ ಟಕ್ ಟಕ್ ಹೋಗಲಿಲ್ಲ. ಅದರ ಗುಂಡಿ ಅಲ್ಲಿಲ್ಲ, ಕೀಬೋರ್ಡಿನ ಸ್ವಂತ ಸೆಟ್ಟಿಂಗ್ಸಿನಲ್ಲಿದೆ ಎಂಬುದನ್ನು ಪತ್ತೆ ಹಚ್ಚಿದವರು ಗುರುಪಾದಪ್ಪನವರು. ಹುರುಪಿನಲ್ಲಿ ನಾನು ಸದ್ದು ಏರಿಸಿ ಇಳಿಸುವ ಉಳಿದ ಪಟ್ಟಿಗಳನ್ನೂ ಒಂದೊಂದಾಗಿ ಎಡಕ್ಕೆ ಎಳೆದುಬಿಟ್ಟೆ. ಆಮೇಲೆ ಇಬ್ಬರೂ ಫೋನು ತೆರೆದೆವು, ಮುಚ್ಚಿದೆವು, 'ಸ್ವಾತಂತ್ರ್ಯೋತ್ಸವ' ಎಂದು ಬರೆದೆವು. ಒಂದು ಸೊಲ್ಲಿಲ್ಲ. "ಆತು" ಎಂದು ಗುರುಪಾದಪ್ಪನವರು ನನ್ನ ಕೈ ಕುಲುಕಿದರು.

ಗೆದ್ದ ಹುಮ್ಮಸ್ಸಿನಲ್ಲಿ ನಾನು ಧೈರ್ಯ ತಂದುಕೊಂಡೆ. ಕಸ್ತೂರಿಯ ಸನ್ನೆಗೆ ಕಾಯದೆ, ಕೆಮ್ಮಿ, ಕಾಲ ಬದಲಾದದ್ದು, ಹೆಣ್ಣುಮಕ್ಕಳ ಓದು, ಬೀಳಗಿ ಸೀಮೆಯ ದನಕರುಗಳಿಗೆ ಡಾಕ್ಟರರ ಅಗತ್ಯ, ಎಲ್ಲವನ್ನೂ ಹೇಳುತ್ತ ಹೋದೆ. ಅಷ್ಟು ಉದ್ದದ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ. ಇನ್ನೇನು ಶನಿವಾರಕ್ಕೆ ಬಂದು ಮುಟ್ಟಬೇಕು, ನೀಲಮ್ಮನವರು ಮೆಲ್ಲಗೆ ತಡೆದರು.

"ಬೀಗರ, ಚಹಾ ಆರತೈತಿ ನೋಡ್ರಿ. ಆ ಮಾತು ಆಗಲೇ ಮುಗದೈತಿ."

ನನಗೆ ಮೊದಲು ತಿಳಿಯಲಿಲ್ಲ. ಅವರು ನನ್ನನ್ನು ಬೀಗರ ಎಂದು ಕರೆದದ್ದು ಎರಡನೆಯ ಗುಟುಕಿಗೆ ಹೊಳೆಯಿತು. ಕಸ್ತೂರಿಯ ಮುಖ ನೋಡಿದೆ. ಅವಳು ಶಾಂತವಾಗಿ ಅವಲಕ್ಕಿ ತಿನ್ನುತ್ತಿದ್ದಳು.

ಆಮೇಲೆ ತಿಳಿದದ್ದು ಇಷ್ಟು. ಮಗ್ಗಗಳು ನಡೆದಿದ್ದಾಗ ಕಸ್ತೂರಿ, ರೂಢಿಬಲದಿಂದ ನನ್ನ ಕಡೆ ತಿರುಗಿ, ಬೆರಳಲ್ಲಿ ತುಟಿಯಲ್ಲಿ "ತಡೀರಿ, ಈ ಅಕ್ಕಾರ ಮನಸು ಹೆಂಗೈತೋ ನೋಡೂಣು" ಎಂದಳಂತೆ. ನಾನು ತೊಡೆಯ ಕಡೆ ನೋಡುತ್ತಿದ್ದೆ. ನೋಡಿದವರು ನೀಲಮ್ಮನವರು. ಅವರೂ ಮಗ್ಗದ ಸದ್ದಿನಲ್ಲೇ ಬಾಳಿದವರು. "ನನ್ನ ಮನಸು ಛಲೋನ ಐತಿ, ಏನೈತಿ ಹೇಳ್ರಿ" ಎಂದು ಅಲ್ಲಿಂದಲೇ ಬೆರಳಾಡಿಸಿದರಂತೆ. ಕಸ್ತೂರಿಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು, ಆದರೂ ಬಿಡದೆ ಎಲ್ಲವನ್ನೂ ಹೇಳಿದಳು. ನೀಲಮ್ಮನವರು ಯೋಚನೆ ಮಾಡಿ ಹೇಳಿದರಂತೆ, "ವಾರೆಲ್ಲ ಅಲ್ಲೇ ಇರಲಿ. ನಮ್ಮ ಮನ್ಯಾಗ ಇಡೀ ದಿನ ಮಗ್ಗ ಮಾತಾಡತಾವ, ನನ್ನ ಜೋಡಿ ಮಾತಾಡವ್ರು ಯಾರಿಲ್ಲ. ಗಂಡಸರಿಗೆ ಕೈಮಾತು ಮಾಲಿನ ವಿಷಯಕ್ಕಷ್ಟ ಬೇಕು. ಶನಿವಾರ ಬಂದು ಆಕಿ ನನ್ನ ಜೋಡಿ ಮಾತಾಡ್ಲಿ. ಹುಡುಗಿಗೆ ಕೈಮಾತು ಬರತೈತೇನು?" ಬರತೈತಿ ಎಂದು ಕಸ್ತೂರಿ ಹೇಳಿದಳು. ಅಷ್ಟಕ್ಕೇ ಮಾತು ಮುಗಿಯಿತು. ಆ ಮನೆಯಲ್ಲಿ ನೀಲಮ್ಮನವರು ಒಪ್ಪಿದರೆ ಗುರುಪಾದಪ್ಪನವರು ಒಪ್ಪಿದಂತೆಯೇ. ಇಬ್ಬರು ಹೆಂಗಸರು ಒಂದು ಉಸಿರಿನ ಸದ್ದೂ ಮಾಡದೆ, ಗಂಡಂದಿರ ಎದುರಿಗೇ, ಒಂದು ಮದುವೆಯನ್ನೂ ಒಂದು ನೌಕರಿಯನ್ನೂ ಉಳಿಸಿಕೊಂಡರು. ನಾನು ಅವರಿಬ್ಬರಿಗೂ ಮನಸ್ಸಿನಲ್ಲೇ ನಮಸ್ಕರಿಸಿದೆ. ಇಂಥ ಹೆಂಡತಿಯ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಹೆಮ್ಮೆಯೂ ಆಯಿತು.

ಜಮಖಂಡಿಯ ಬಸ್ಸು ಹತ್ತಿ ಕೂತ ಮೇಲೆ ಫೋನು ತೆಗೆದು ನೋಡಿದರೆ ಶ್ವೇತಾ ಮೇಲಿಂದ ಮೇಲೆ ಕರೆ ಮಾಡಿದ್ದಳು. ರಿಂಗ್ ಮೊದಲೇ ಬಂದ್ ಮಾಡಿ, ಉಳಿದ ಸದ್ದನ್ನೂ ಆರಿಸಿ ಕೈಕುಲುಕಿದ ಮಹನೀಯರಿಗೆ ಒಂದೂ ಕೇಳಿಸಿರಲಿಲ್ಲ; ಟಿಂಗ್ ಅಂದ ಮೇಲೆ ಕಸ್ತೂರಿಯೂ ತನ್ನ ಫೋನು ಬಂದ್ ಮಾಡಿದ್ದಳು. ಅಪ್ಪ ಫೋನು ಎತ್ತುತ್ತಿಲ್ಲ ಎಂದರೆ ಮಗಳು ಏನೆಂದು ತಿಳಿಯಬೇಕು? ಕೂಡಲೇ ವಿಡಿಯೋ ಕರೆ ಹಚ್ಚಿದೆ. ಅವಳ ಮುಖ ಬಂತು, ಅತ್ತು ತೊಳೆದುಕೊಂಡ ಮುಖ. ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಇಲ್ಲ. ನಾನು ಎಡಕ್ಕೆ ಎಳೆದಿದ್ದ ಪಟ್ಟಿಗಳಲ್ಲಿ ಯಾವುದನ್ನು ಮತ್ತೆ ಬಲಕ್ಕೆ ಎಳೆಯಬೇಕೋ ತಿಳಿಯದೆ ಒದ್ದಾಡಿದೆ. ಬಸ್ಸಿನ ಕಿಟಕಿಗಳೆಲ್ಲ ಒಟ್ಟಿಗೇ ಗಡಗಡ ಅನ್ನುತ್ತಿದ್ದವು. "ಆತವ್ವಾ, ಆತು" ಎಂದು ನಾನು ಕೂಗಿದ್ದು ಕಂಡಕ್ಟರಿಗೆ ಕೇಳಿಸಿತು, ಅವಳಿಗೆ ಕೇಳಿಸಲಿಲ್ಲ.

ಕಸ್ತೂರಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಪರದೆಯ ಎದುರಿಗೆ ಕೈ ಎತ್ತಿ, ತೋರುಬೆರಳು ಹೆಬ್ಬೆರಳು ಕೂಡಿಸಿ, ಎಳೆ ಹೊಸೆದಂತೆ ಮೆಲ್ಲಗೆ ತಿರುವಿದಳು.

ಶ್ವೇತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕೈ ತೆಗೆದು, ಕಣ್ಣೊರೆಸಿ, ನಗುತ್ತ ತಾಯಿಗೆ ಬೆರಳಲ್ಲಿ ಏನೇನೋ ಹೇಳಿದಳು. ತಾಯಿಯೂ ನಕ್ಕಳು. ನನಗೂ ಕಣ್ಣು ಮಂಜಾಗಿತ್ತು, ಮಂಜಾಗದಿದ್ದರೂ ತಿಳಿಯುತ್ತಿರಲಿಲ್ಲ ಅನ್ನಿ.

"ಏನಂದ್ಲು?" ಎಂದು ಕೇಳಿದೆ.

"ಅಪ್ಪನ ಫೋನ್ ಈಗ ಛಲೋ ಆಗೇತಿ, ಹಂಗ ಇರ್ಲಿ ಬಿಡು ಅಂದ್ಲು" ಎಂದು ಕಸ್ತೂರಿ ಅದನ್ನು ನನ್ನ ಜೇಬಿಗೆ ಹಾಕಿದಳು.