ಏಡಿ ಹಂಚಿದ ವರ್ಜಿಲ್

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ವರ್ಜಿಲ್ ಟಿಪೆಟ್ ಒಬ್ಬ. ದಕ್ಷಿಣ ಮೇರಿಲ್ಯಾಂಡಿನ ನೌಕಾನೆಲೆಯಲ್ಲಿ ಅವನಿಗೆ ಏಸಿ ರಿಪೇರಿ ಕೆಲಸ ಸಿಕ್ಕಿತ್ತು. ಗುಟ್ಟಿನ ಯಂತ್ರಗಳಿರುವ ಕೋಣೆಗೆ ಕಾಲಿಡಲು ಮಾತ್ರ ಸರಕಾರ ತನಿಖೆ ಮಾಡಿ ಕೊಡುವ ಭದ್ರತಾ ಪರವಾನಗಿ ಬೇಕು. ಅದು ಬಾರದಿದ್ದರೆ ಕೆಲಸವೂ ಇಲ್ಲ, ಹೆಂಡತಿಗೆ ತೋರಿಸಲು ಮುಖವೂ ಇಲ್ಲ.

ಹಿಂದೆ ಐಸ್‌ಕ್ರೀಮ್ ಗಾಡಿ ಇಟ್ಟು ಅವನು ದಿವಾಳಿಯಾಗಿದ್ದ. ಆಮೇಲೆ ಸಾಲವನ್ನೆಲ್ಲ ತೀರಿಸಿದ್ದ, ಆ ಕತೆಯನ್ನು ಅರ್ಜಿಯಲ್ಲಿ ಬರೆದುಕೊಟ್ಟೂ ಇದ್ದ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ತನಿಖೆಯವರು ಇವತ್ತು ಅಕ್ಕಪಕ್ಕದವರನ್ನು ವಿಚಾರಿಸಲು ಬರುತ್ತಾರೆಂದು ಅವನಿಗೆ ಬೆಳಿಗ್ಗೆ ತಿಳಿಯಿತು. ಮೀನುಗಾರ ಷಡ್ಡಕನ ಫ್ರೀಜರ್ ರಿಪೇರಿ ಮಾಡಿದ್ದಕ್ಕೆ ಕೂಲಿಯಾಗಿ ಬಂದಿದ್ದ ಏಡಿಗಳನ್ನು ಮಸಾಲೆ ಹಾಕಿ ಬೇಯಿಸಿಕೊಂಡು, ಬುಟ್ಟಿ ಹೊತ್ತು ಹೊರಟ.

ಎದುರುಮನೆಯ ಗ್ಯಾಸ್ಕಿನ್ಸ್ ನೌಕಾಪಡೆಯಿಂದ ನಿವೃತ್ತರಾದವರು. ವರ್ಜಿಲ್ ಬುಟ್ಟಿಯನ್ನು ಅವರ ಮುಂದಿಟ್ಟ.

"ಸಾರ್, ಆ ಹಳೇ ಸಾಲದ ವಿಷಯ ಒಂದು ಎತ್ತಬೇಡಿ."

"ಸಬ್‌ಮರೀನಲ್ಲಿ ಇದ್ದೋನು ಕಣಯ್ಯಾ ನಾನು," ಎಂದರು ಗ್ಯಾಸ್ಕಿನ್ಸ್, ಏಡಿಯ ಕಾಲು ಮುರಿಯುತ್ತ. "ಗುಟ್ಟು ಕಾಯೋದು ನೀನು ನನಗೆ ಹೇಳ್ಕೊಡ್ತೀಯಾ?"

ಪಕ್ಕದ ಮನೆಯ ಮಿಸ್ ಲೊರೇನ್ ಚರ್ಚಿನ ಗಾಯಕಿ. "ಸಾಲವಾ? ಯಾವ ಸಾಲಪ್ಪ?" ಎಂದು ಕಣ್ಣು ಹೊಡೆದು ಬುಟ್ಟಿಗೆ ಕೈ ಹಾಕಿದರು.

ಮಧ್ಯಾಹ್ನ ತನಿಖಾಧಿಕಾರಿ ಪೆಟ್‌ವೇ ಮೇಡಂ ಎರಡೂ ಮನೆ ಮುಗಿಸಿಕೊಂಡು ವರ್ಜಿಲ್‌ನ ಜಗಲಿಗೆ ಬಂದರು. ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ.

"ದಿವಾಳಿ ಆಗಿದ್ದನ್ನ ನೀವೇ ಬರೆದಿದ್ದೀರಿ. ತೀರಿಸಿಯೂ ಇದ್ದೀರಿ. ಅದು ದೊಡ್ಡ ವಿಷಯ ಅಲ್ಲ. ಹೌದಪ್ಪ, ಕಷ್ಟಪಟ್ಟು ತೀರಿಸಿದ ಅಂತ ಒಬ್ಬರು ಹೇಳಿದ್ರೆ ಮುಗೀತಿತ್ತು."

ವರ್ಜಿಲ್‌ಗೆ ಹೋದ ಜೀವ ಬಂದ ಹಾಗಾಯಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಆದರೆ ನೀವು ಸಾಲವನ್ನೇ ಕಾಣದ ಹುಟ್ಟಾ ಶ್ರೀಮಂತರು ಅಂತಾರೆ ನಿಮ್ಮ ನೆರೆಯವರು. ಏಡಿ ಬೆಲೆ ಆಕಾಶಕ್ಕೇರಿರೋ ಈ ವರ್ಷ ಬೀದಿಗೆಲ್ಲ ಹಂಚ್ತೀರಂತೆ. ತೀರಿಸಿದ ಸಾಲಕ್ಕಿಂತ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ದುಡ್ಡು ನಮಗೆ ಹೆಚ್ಚು ಭಯ. ಯಾರು ಕೊಡ್ತಾರೆ ನಿಮಗೆ?"

"ಅಯ್ಯೋ, ಷಡ್ಡಕ ಕೊಟ್ಟ ಏಡಿ ಮೇಡಂ ಅದು. ನನ್ನ ಹತ್ರ ದುಡ್ಡೇ ಇಲ್ಲ. ಅವರಿಗೆಲ್ಲ ಗೊತ್ತು," ಎಂದು ವರ್ಜಿಲ್ ಬೀದಿಗೆ ಓಡಿ ಇಬ್ಬರನ್ನೂ ಕರೆತಂದ. "ಹೇಳಿ ಸಾರ್. ನಾನು ದಿವಾಳಿ ಆಗಿದ್ದು ಹೇಳಿ."

ಗ್ಯಾಸ್ಕಿನ್ಸ್ ಎದೆಯುಬ್ಬಿಸಿ ನಿಂತರು. "ಇಂಥದ್ದು ನಾನು ಕೇಳೇ ಇಲ್ಲ ಮೇಡಂ."

"ಸಾರ್, ನಾನೇ ಹೇಳ್ತಿದೀನಿ, ಈಗ ಹೇಳಬಹುದು."

"ಶತ್ರುಗಳ ಕೈಗೆ ಸಿಕ್ಕವನ ಹತ್ರ ಬಲವಂತದಲ್ಲಿ ಹಾಗೆ ಹೇಳಿಸ್ತಾರೆ ಅಂತ ನಮಗೆ ಟ್ರೇನಿಂಗಲ್ಲೇ ಹೇಳಿದ್ರು," ಎಂದು ಗ್ಯಾಸ್ಕಿನ್ಸ್ ತುಟಿ ಬಿಗಿದರು.

"ಮಿಸ್ ಲೊರೇನ್, ನೀವಾದ್ರೂ. ಸಾಲ ಕೊಟ್ಟೋರು ನನ್ನ ಐಸ್‌ಕ್ರೀಮ್ ಗಾಡಿ ಎಳ್ಕೊಂಡು ಹೋದಾಗ ನೀವೇ ಅಲ್ವಾ ನನ್ನ ಹೆಂಡತೀನ ಸಮಾಧಾನ ಮಾಡಿದ್ದು?"

ಮಿಸ್ ಲೊರೇನ್ ಅವನ ಕೆನ್ನೆ ಸವರಿದರು. "ಎಂಥಾ ವಿನಯ ನೋಡಿ ಮೇಡಂ. ಇದ್ದೂ ಇಲ್ಲ ಅಂತಾನೆ."

ವರ್ಜಿಲ್ ಮೆಟ್ಟಿಲ ಮೇಲೆ ಕೂತು, ಬೆಳಗಿನಿಂದ ನಡೆದದ್ದನ್ನೆಲ್ಲ ಒಪ್ಪಿಕೊಂಡ. ಪೆಟ್‌ವೇ ಮೇಡಂ ತಾಳ್ಮೆಯಿಂದ ಬರೆದುಕೊಂಡರು: ಸಾಲದ ಬಗ್ಗೆ ಆಕ್ಷೇಪವಿಲ್ಲ, ಸಾಕ್ಷಿಗಳಿಗೆ ಏಡಿ ತಿನ್ನಿಸಿ ಬಾಯಿ ಮುಚ್ಚಿಸಿದ ನಡತೆಯ ಬಗ್ಗೆ ಇದೆ. ಆಮೇಲೆ ಪೆನ್ನು ಮುಚ್ಚಿ ಗ್ಯಾಸ್ಕಿನ್ಸ್ ಕಡೆ ತಿರುಗಿದರು.

"ನೌಕಾನೆಲೆಯಲ್ಲಿ ಒಂದು ಜಾಗ ಖಾಲಿ ಆಗೋ ಹಾಗಿದೆ. ನಿಮಗೆ ಏಸಿ ರಿಪೇರಿ ಬರುತ್ತಾ?"